ಕಾಲು ಹಿಡಿದವನು

ಉಲಾನ್‌ಬಾತರಿನ ಉತ್ತರದ ದಿಣ್ಣೆಯಲ್ಲಿ
ಜನವರಿಯ ಬೆಳಗು ಬೆಳಗುವುದಿಲ್ಲ, ಕಂದುತ್ತದೆ.
ಸಾವಿರ ಗುಡಾರಗಳ ಸಾವಿರ ಕೊಳವೆ
ಒಂದೇ ಹೊಗೆ ಹೊದ್ದು ಮಲಗಿವೆ.
ಆ ಹೊಗೆಯಲ್ಲಿ ನನ್ನ ಪಾಲೂ ಇದೆ:
ಕಲ್ಲಿದ್ದಲ ಉಂಡೆ ಮಾರುವವನು ನಾನು.

ಮಗಳಿಗೆ ನಾಲ್ಕು ತಿಂಗಳು.
ಹೊರಡುವ ಮೊದಲು ನನ್ನವ್ವ
ಒಲೆಯ ಮಸಿಯಲ್ಲಿ ಬೆರಳದ್ದಿ
ಅವಳ ಹಣೆಗೊಂದು ಗೀಟೆಳೆದಳು,
ಕೆಟ್ಟದ್ದು ಬಂದು ಇಣುಕಿದರೆ
ಇದು ಕೂಸಲ್ಲ, ಮೊಲ ಅಂದುಕೊಂಡು ಹೋಗಲಿ ಅಂತ.
"ಇಷ್ಟು ಸಾಕು. ನಿನಗೂ ಇಷ್ಟೇ ಹಾಕಿದ್ದು."
"ನಿಮ್ಮ ಕಾಲದಲ್ಲಿ ಗಾಳಿ ಇತ್ತು,"
ಎಂದಳು ಸೊಲೊಂಗೊ, ಕೋಟಿನ ಗುಂಡಿ ಹಾಕಿಕೊಳ್ಳುತ್ತ.

ನಾನು ಯಾರ ಕಡೆಯೂ ಅಲ್ಲ.
ನವೆಂಬರಿನಲ್ಲಿ ಕಾರ್ಡು ಹಿಡಿದು
ಬಾಗಿಲವರೆಗೆ ಹೋಗಿ ತಿರುಗಿ ಬಂದವನು.
ಮೂಟೆ ಹೊರುವ ಗೊಂಚಿಗ್ ಹೇಳಿದ್ದ,
ತಂಗಿಯ ಮಗುವಿಗೆ ಸೂಜಿಯಾದ ರಾತ್ರಿಯೇ ಜ್ವರ.
ಸುಳ್ಳಲ್ಲ. ಬಂದದ್ದು ನಿಜ, ಹೋದದ್ದೂ ನಿಜ;
ಎರಡನೆಯದನ್ನು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.
ಹೆದರಿಕೆಗೆ ಅರ್ಧ ಕಥೆಯಲ್ಲೇ ಹೊಟ್ಟೆ ತುಂಬುತ್ತದೆ.

ಪಕ್ಕದ ಬೇಲಿಯ ಎರ್ಖೆಸ್
ಆಸ್ಪತ್ರೆಯಿಂದ ಬಂದದ್ದು ಹನ್ನೊಂದನೆಯ ದಿನ.
ಹರಿದ ತಿದಿಯಂತೆ ಅವನ ಎದೆ ಒಳಗೆಳೆಯುತ್ತಿದ್ದುದನ್ನು
ಸೊಲೊಂಗೊ ನೋಡಿದ್ದಳು.
ನಾನಾಗ ಮೂಟೆ ಎಣಿಸುತ್ತಿದ್ದೆ.

ದಾದಿ ದುಲ್ಮಾ ಉಪದೇಶ ಮಾಡಲಿಲ್ಲ.
ನನ್ನ ಉಗುರಿನ ಕಪ್ಪು ನೋಡಿದಳು,
ಕೂಸಿನ ಹಣೆಯ ಕಪ್ಪು ನೋಡಿದಳು,
ಯಾವುದನ್ನೂ ಒರೆಸಿ ಅನ್ನಲಿಲ್ಲ.
"ನ್ಯುಮೋನಿಯಾದ್ದು, ತೊಡೆಗೆ.
ಕಾಲು ಹಿಡಿಯುವವರು ಯಾರು?"

ಸೊಲೊಂಗೊ ನನ್ನತ್ತ ನೋಡಿದಳು.

ಸಾಲ ಕೊಟ್ಟವನ ಕಾಲು ಹಿಡಿದವನಲ್ಲ ನಾನು,
ಲಾರಿ ತಡೆದ ಪೊಲೀಸಿನವನದೂ.
ಈಗ, ಗೇಣುದ್ದವೂ ಇಲ್ಲದ ಒಂದು ಕಾಲು
ನನ್ನ ಅಂಗೈಯಲ್ಲಿ ಒದೆಯಿತು.
ಹಿಡಿದೆ.
ಕಣ್ಣು ಮುಚ್ಚಿಕೊಂಡವನು ನಾನೇ.
ಅವಳು ಉಸಿರೆಳೆದುಕೊಂಡಳು,
ಅಬ್ಬಾ, ಎಷ್ಟುದ್ದದ ಉಸಿರು,
ಆ ಇಷ್ಟೇ ಎದೆಯಲ್ಲಿ ಅಷ್ಟೊಂದು ಜಾಗವೇ,
ಆಮೇಲೆ ಅತ್ತಳು, ಇಡೀ ದಿಣ್ಣೆಗೆ ಕೇಳುವಂತೆ.

ರಾತ್ರಿ ಮೈ ಬಿಸಿ. ತೊಡೆಯಲ್ಲಿ ಕಾಳಿನಷ್ಟು ಗಂಟು.
ಅವ್ವ ಒದ್ದೆ ಬಟ್ಟೆ ಹಿಂಡಿದಳು;
'ನಾನು ಹೇಳಿರಲಿಲ್ಲವೇ' ಎಂಬುದನ್ನೂ
ಅದರ ಜೊತೆಗೇ ಹಿಂಡಿದಳೋ ಏನೋ,
ಬಾಯಿಗೆ ಬರಲಿಲ್ಲ.
ಗೊಂಚಿಗನ ಅರ್ಧ ಕಥೆಯೊಳಗೆ ಕೂತು
ದುಲ್ಮಾ ಹೇಳಿಕೊಟ್ಟಂತೆ ಉಸಿರು ಎಣಿಸಿದೆ:
ನಿಮಿಷಕ್ಕೆ ನಲವತ್ತು, ನಲವತ್ತೆರಡು,
ಮತ್ತೆ ನಲವತ್ತು.
ಮೂರನೆಯ ಜಾವಕ್ಕೆ ಹಣೆ ಬೆವರಿತು,
ಮೊಲದ ಗೀಟು ಮೂಗಿಗಿಳಿಯಿತು.

ಒಲೆ ಆರುತ್ತಿತ್ತು. ಎದ್ದು ಒಂದು ಉಂಡೆ ಕೈಗೆತ್ತಿಕೊಂಡು
ಸ್ವಲ್ಪ ಹೊತ್ತು ನಿಂತೆ.
ಹಾಕದಿದ್ದರೆ ಚಳಿ.
ಹಾಕಿದರೆ...
ಹಾಕಿದೆ.

ಮುಂದಿನ ಸೂಜಿ ಮಾರ್ಚ್ ಒಂಬತ್ತಕ್ಕೆ.
ತೊಟ್ಟಿಲ ಮೇಲೆ ಕೆಟ್ಟ ಕನಸು ಕಾಯುವ
ಉಣ್ಣೆಯ ನರಿಯೊಂದು ತೂಗುತ್ತದೆ.
ಅದರ ಬೆನ್ನಿಗೆ ಅವ್ವ ಕಾರ್ಡು ಸಿಕ್ಕಿಸಿದ್ದಾಳೆ,
ಕನ್ನಡಕ ಹಾಕಿಕೊಳ್ಳದೆ,
ತಲೆಕೆಳಗಾಗಿ.