ಬಿಲ್ಲಿನಲ್ಲಿ ಇರುವೆ

ಅಕ್ಷರಕ್ಕೆ ಹದಿನೈದು ಅಂದರು ಪೇಂಟರ್ ಜಬ್ಬಾರ್ ಸಾಹೇಬರು,
ಒತ್ತಿಗೆ ಬೇರೆ ಕಾಸಿಲ್ಲ, ಅದು ಕನ್ನಡದ ಕೊಸರು ಅಂತ ನಕ್ಕರು.
ಬೆರಳು ಮಡಿಸಿ ಎಣಿಸಿದೆ.
'ಅತ್ಯಾಧುನಿಕ' ಹೋಯಿತು, 'ಸಕಲ ವಿಧದ' ಹೋಯಿತು,
'ನುರಿತ ತಜ್ಞರಿಂದ' ಹೋದಾಗ ಒಂದು ವಾರದ ತರಕಾರಿ ಉಳಿಯಿತು.
ಕೊನೆಗೆ ನಿಂತದ್ದು: ಕಂಪ್ಯೂಟರ್ ರಿಪೇರಿ.
ಕೆಳಗೆ ಸಣ್ಣದಾಗಿ: ನೋಡಿ ಹೇಳುತ್ತೇವೆ.

ಮಂಡ್ಯದ ಗುತ್ತಲು ರಸ್ತೆ, ಹಿಟ್ಟಿನ ಗಿರಣಿಗೆ ಒರಗಿದ ಗೋಡೆ,
ಎಂಟಡಿ ಉದ್ದ, ಆರಡಿ ಅಗಲ.
ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಹತ್ತಕ್ಕೆಲ್ಲ ರಾಗಿಹಿಟ್ಟಿನ ಪದರ,
ಅದರ ಮೇಲೆ ಬೆರಳಲ್ಲಿ ಬರೆಯುತ್ತಿದ್ದೆ
ಬಾಡಿಗೆ, ಕರೆಂಟು, ಚೀಟಿಯ ಕಂತು.
ಉಫ್ ಅಂದರೆ ಲೆಕ್ಕ ಹಾರುತ್ತಿತ್ತು.
ಬಾಡಿಗೆ ಹಾರುತ್ತಿರಲಿಲ್ಲ.

ಮೈಸೂರಿನ ದೊಡ್ಡ ಅಂಗಡಿಯಲ್ಲಿ ಏಳು ವರ್ಷ ಇದ್ದೆ.
ಗಾಜಿನ ಬಾಗಿಲು, ಟೋಕನ್ನು, ರಿಪೇರಿಯ ಕೋಣೆಗೆ ಪರದೆ.
ಏನೇ ಬರಲಿ, ಮೊದಲು ಬೇಸರದಿಂದ ತಲೆಯಾಡಿಸು,
ಆಮೇಲೆ ಹೇಳು, ಮದರ್‌ಬೋರ್ಡ್ ಹೋಗಿದೆ.
ಸಡಿಲವಾದ ಒಂದೊಂದು ವೈರಿನ ನೆಪದಲ್ಲಿ
ಎಷ್ಟು ತಾಯಂದಿರನ್ನು ಕೊಂದೆನೋ.

ಇಲ್ಲಿ ಪರದೆಗೆ ದುಡ್ಡಿರಲಿಲ್ಲ.
ಮೂರು ವಾರ ಬಂದವರೆಲ್ಲ ಕೇಳಿದ್ದು
ಜೆರಾಕ್ಸ್ ಇದೆಯಾ, ಗಿರಣಿ ಎಷ್ಟೊತ್ತಿಗೆ ತೆಗೀತಾರೆ.
ಒಬ್ಬರು ಲ್ಯಾಪ್‌ಟಾಪ್ ಇಟ್ಟು ಸುತ್ತ ನೋಡಿದರು,
'ರಿಪೇರಿ ಮಾಡೋ ಹುಡುಗ ಇಲ್ವಾ?'
ನಾನೇ ಅಂದೆ.
ಲ್ಯಾಪ್‌ಟಾಪ್ ಮತ್ತೆ ಚೀಲಕ್ಕೆ ಹೋಯಿತು.

ಆಮೇಲೆ ಬೆಲ್ಲದ ಮಂಡಿಯಿಂದ ಪುಟ್ಟಮಾದಯ್ಯ ಬಂದರು,
ಸಿಪಿಯು ಟವೆಲ್ಲಿನಲ್ಲಿ ಸುತ್ತಿ, ಕೂಸಿನ ಹಾಗೆ ತಬ್ಬಿ.
'ಸತ್ತೋಗದೆ ಕಣವ್ವ, ಹೊಸದು ತಕ್ಕಳಿ ಅಂದ್ರು ಅಲ್ಲಿ.'
ಅವರ ಎದುರಿಗೇ ನಾಲ್ಕು ಸ್ಕ್ರೂ ಬಿಚ್ಚಿದೆ.

ಒಳಗೆ ಒಂದು ಊರು.
ಫ್ಯಾನಿನ ರೆಕ್ಕೆಗೆ ಬೆಲ್ಲದ ಜಿಗುಟು,
ಬೆಚ್ಚಗಿನ ಮೂಲೆಯಲ್ಲಿ ಸಾಸಿವೆಗಿಂತ ಸಣ್ಣ ಮೊಟ್ಟೆ,
ಕೆಂಪಿರುವೆಯ ಸಾಲು ಮೆಮೊರಿಯ ಮೇಲೆ ಹತ್ತಿ
ಕರೆಂಟಿನ ದಾರಿಯಲ್ಲಿ ಇಳಿಯುತ್ತಿತ್ತು.
ಸ್ಟೂಲು ಎಳೆದುಕೊಂಡು ಅವರೂ ಬಗ್ಗಿದರು.
ನಮ್ಮಿಬ್ಬರ ತಲೆ ಒಂದೇ ಡಬ್ಬಿಯೊಳಗೆ.

ಬ್ರಷ್ಷು, ಬ್ಲೋವರು, ಒಂದಿಷ್ಟು ಸ್ಪಿರಿಟ್ಟು.
ಸ್ವಿಚ್ಚು ಒತ್ತಿದೆ. 'ಕುಯ್' ಅಂತು.
ಅಚ್ಚು ಇಷ್ಟು, ಬಕೆಟ್ ಇಷ್ಟು, ಕುರಿಕಟ್ಟು ಇಷ್ಟು,
ಬಾಕಿ ಇಟ್ಟವರ ಹೆಸರೆಲ್ಲ ಬೆಳಕಿಗೆ ಬಂದವು.

ಬಿಲ್ ಬುಕ್ಕಿನ ಮೊದಲ ಹಾಳೆ. ಏನು ಬರೆಯಲಿ?
ಏನೂ ಕೆಟ್ಟಿಲ್ಲ ಅನ್ನುವುದಕ್ಕೆ ಏನು ರೇಟು?
ಬರೆದೆ: ಇರುವೆ ತೆಗೆದದ್ದು, ಇನ್ನೂರು.
ಕನ್ನಡಕ ಏರಿಸಿ ಎರಡು ಸಲ ಓದಿದರು.
'ಇರುವೆ ನಮ್ಮವೇ ಅಲ್ವಾ, ಒಸಿ ಕಮ್ಮಿ ಮಾಡ್ಕೊ.'
ನೂರೆಂಬತ್ತಕ್ಕೆ ಮುಗಿಯಿತು.

ಆ ಚೀಟಿ ಮಂಡಿಯಲ್ಲಿ ಕೈಯಿಂದ ಕೈಗೆ ಹೋಯಿತಂತೆ.
'ಇರುವೆ ಅಂಗಡಿ ಇದೇನಾ?' ಅಂತ ಬರತೊಡಗಿದರು,
ತೂಕದ ಗುಮಾಸ್ತರು, ಟ್ಯೂಷನ್ ಮೇಡಮ್ಮು,
ಚೀಲ ಹೊತ್ತು ಹೋಗಿದ್ದವರೂ, ಬೇರೆ ಎಲ್ಲೋ ನೋಡುತ್ತ.

ಎಲ್ಲವೂ ಇರುವೆಯಲ್ಲ.
ಮೊನ್ನೆ ಫೋಟೋಗ್ರಾಫರ್ ಲೂರ್ದುರಾಜ್ ತಂದ ಹಾರ್ಡ್‌ಡಿಸ್ಕು
ಟಿಕ್, ಟಿಕ್ ಅಂದು ನಿಂತೇಹೋಯಿತು,
ಒಳಗೆ ಯಾರದೋ ಧಾರೆ, ಯಾರದೋ ಆರತಿ.
ಎರಡು ದಿನ ನೋಡಿದೆ. ಆಗುವುದಿಲ್ಲ ಅಂದೆ.
'ಇದನ್ನ ಹೇಳೋಕೆ ಎರಡು ದಿನ ಬೇಕಿತ್ತಾ?'
ಬೇಕಿತ್ತು.
ದುಡ್ಡು ತಗೊಳ್ಳಲಿಲ್ಲ. ಅವರು ಥ್ಯಾಂಕ್ಸೂ ಹೇಳಲಿಲ್ಲ.
ಆ ಸಂಜೆ ಗಿರಣಿ ನಿಂತ ಮೇಲೂ ಕಿವಿಯಲ್ಲಿ ಟಿಕ್, ಟಿಕ್.

ಇವತ್ತು ಜಬ್ಬಾರ್ ಸಾಹೇಬರು ಬಂದಿದ್ದರು,
ಬೋರ್ಡಿನ ಮೂಲೆಗೊಂದು ಇರುವೆ ಬರೀಲಾ ಅಂತ.
ಚಿತ್ರಕ್ಕೆ ಎಷ್ಟು?
'ಕಾಲಿನ ಲೆಕ್ಕ. ಎಷ್ಟು ಕಾಲು?'
ಆರು ಅಂದೆ.
ಏಣಿಗೆ ಒರಗಿ, ಬೀಡಿ ಹಚ್ಚಿ, ಬೋರ್ಡನ್ನೇ ದಿಟ್ಟಿಸಿ
'ನೋಡಿ ಹೇಳ್ತೀನಿ' ಅಂದರು.