ಬಿ ಎ ಆರ್ ಎಫ್

ಮುಟ್ಟಬೇಡಿ, ಎಂದು ಬರೆದಿತ್ತು
ಸಾಲು ಆರುನೂರ ಹನ್ನೆರಡರ ನೆತ್ತಿಯ ಮೇಲೆ.
ಹೆಸರಿಲ್ಲ, ತಾರೀಖಿಲ್ಲ.
ಮೊಂತೇರೊ ಸರ್ ಅವರದೇ ಇರಬೇಕು:
ಫೋರ್ಟ್ರಾನಿನಲ್ಲೂ ಗದರುವ ದನಿ
ಅವರೊಬ್ಬರಿಗೇ ಇತ್ತಂತೆ.

ಬೈತಖೋಲ ಗುಡ್ಡದ ನಮ್ಮ ಕೋಣೆಯಲ್ಲಿ
ಎರಡು ಹಲಗೆ, ಒಂದರ ಮೇಲೊಂದು,
ಕಪ್ಪು ಬಟ್ಟೆ ಹೊದ್ದು ಮಲಗಿವೆ.
ಮೇಲಿಂದ ಮ್ಯೂಆನ್ ಬರುತ್ತದೆ,
ಹಂಚು ತೂರಿ, ಹಲಗೆ ತೂರಿ, ಕೆಳಗಿನ ಕಲ್ಲನ್ನೂ ತೂರಿ
ಹೋಗುತ್ತದೆ ತನ್ನ ಪಾಡಿಗೆ.
ಎರಡೂ ಒಟ್ಟಿಗೆ ಮಿನುಗಿದರೆ ಒಂದು ಎಂದು ಎಣಿಕೆ.
ಮೂವತ್ತೊಂದು ವರ್ಷದಿಂದ ಇಷ್ಟೇ.

ನನ್ನದು ಇನ್ನೂ ಸಣ್ಣ ಕೆಲಸ:
ಎಣಿಸುವ ಪ್ರೋಗ್ರಾಮಿನ ಕಸ ಗುಡಿಸುವುದು.
ಹೊಸತೇನೂ ಬೇಡ, ಇದ್ದದ್ದು ಇದ್ದ ಹಾಗೇ ಇರಲಿ,
ಓದಿದರೆ ಅರ್ಥವಾದರೆ ಸಾಕು, ಎಂದರು.
ಇದ್ದ ಹಾಗೇ ಇರಬೇಕಾದರೆ
ಏನಿದೆ ಎಂದು ಯಾರಿಗಾದರೂ ಗೊತ್ತಿರಬೇಕಲ್ಲ!

ಹಾಗಾಗಿ ಮೊದಲ ತಿಂಗಳು ಏನನ್ನೂ ಸರಿಪಡಿಸಲಿಲ್ಲ.
ಹಳೆಯ ದತ್ತಾಂಶ ಉಣಿಸಿ, ಅದು ಏನು ಹೇಳಿತೋ ಬರೆದುಕೊಂಡೆ,
ತಪ್ಪು ಹೇಳಿದರೆ ತಪ್ಪನ್ನೇ,
ದಶಾಂಶದ ಆರನೆಯ ಮನೆಯವರೆಗೆ,
ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವ ಹಾಗೆ.
ಆಮೇಲೆ ಕೈಹಾಕಿದೆ.
ಒಂಬತ್ತು ಕಡೆ ಬರೆದ ಒಂದೇ ಲೆಕ್ಕವನ್ನು ಒಂದೆಡೆ ತಂದೆ,
ಎಲ್ಲಿಂದೆಲ್ಲಿಗೋ ನೆಗೆಯುವ ಗೋಟೂಗಳ ಕಾಲು ಕಟ್ಟಿದೆ.
ಪ್ರತಿ ಸಂಜೆ ಮತ್ತೆ ಓಡಿಸಿ,
ಹೇಳಿಕೆ ಬದಲಾಗಿಲ್ಲವೆಂದು ನೋಡಿಯೇ
ದೀಪ ಆರಿಸಿದೆ.

ಉಳಿದದ್ದು ಆ ಸಾಲು.
ನಸುಕಿನ ನಾಲ್ಕರಿಂದ ಐದು: ಬಿ ಎ ಆರ್ ಎಫ್ ಕಳೆ.
ಬಿ ಎ ಆರ್ ಎಫ್ ಅಂದರೆ ಹದಿನೇಳು.
ಬರೋಮೀಟರ್ ಫ್ಯಾಕ್ಟರ್, ಎಂದರು ಎಲ್ಲರೂ.
ನಾನೂ ತಲೆಯಾಡಿಸಿದೆ. ಗಾಳಿಯ ಒತ್ತಡ ಏರಿದರೆ
ಮ್ಯೂಆನ್ ಇಳಿಯುತ್ತದೆ, ಪಠ್ಯದಲ್ಲೇ ಇದೆ.
ಆದರೆ ಕೆಳಗೇ ಇನ್ನೊಂದು ಸಾಲು:
ತಿಂಗಳು ಆರು ಅಥವಾ ಏಳಾದರೆ ಕಳೆಯಬೇಡ.

ಜೂನ್, ಜುಲೈ.
ಗಾಳಿಗೆ ಎರಡು ತಿಂಗಳ ರಜೆ ಕೊಟ್ಟವರು ಯಾರು?

ಆಗಸ್ಟ್ ಒಂದರ ಬೆಳಿಗ್ಗೆ ಬಂದರಿಗಿಳಿದದ್ದು
ಬಾಂಗಡೆಗೆ, ಭೌತಶಾಸ್ತ್ರಕ್ಕಲ್ಲ.
ನಿಷೇಧ ಮುಗಿದಿತ್ತು. ಬುಟ್ಟಿ, ಬೈಗುಳ, ಡೀಸೆಲ್ಲಿನ ನಾತ.
ಮೀನಿನ ಬಾಯಿಯೊಬ್ಬಳು ಹುಡುಗನನ್ನು ಕೂಗಿದಳು:
‘ಬರ್ಫ ಹಾಡ್ ರೇ!’
ನಾನು ಘಟ್ಟದ ಮೇಲಿನವಳು, ಸಿದ್ದಾಪುರದ ಕಡೆಯವಳು,
ನಮ್ಮಲ್ಲಿ ಅದು ಐಸು.
ಚೀಲ ಹಿಡಿದುಕೊಂಡು ನಿಂತೇಬಿಟ್ಟೆ.

‘ಇತ್ತಲ್ಲ, ನಿಮ್ಮ ಗುಡ್ಡದ ಬುಡಕ್ಕೇ ಇತ್ತು ಫ್ಯಾಕ್ಟರಿ,’
ಅಂದ ದುರ್ಗಾ ಹರಿಕಂತ್ರ.
‘ನಾಲ್ಕಕ್ಕೆ ನಾನು ಮೋಟರ್ ಚಾಲೂ ಮಾಡಿದರೆ
ನಿಮ್ಮ ಕೋಣೆಯ ಬಲ್ಬು ಕಣ್ಣು ಹೊಡೀತಿತ್ತು.
ಮೊಂತೇರೊ ಜಗಳಕ್ಕೆ ಬರ್ತಿದ್ದರು,
ತಾರ್ಲೆ ತಗೊಂಡು ಹೋಗ್ತಿದ್ದರು.
ಬಂದಾಗಿ ಹನ್ನೊಂದು ವರ್ಷ ಆಯ್ತು.’

ಹನ್ನೊಂದು ವರ್ಷ
ಇಲ್ಲದ ಮೋಟರಿನ ಗದ್ದಲವನ್ನು ಕಳೆಯುತ್ತ ಬಂದಿದ್ದೇವೆ.
ದಿನಕ್ಕೆ ಹದಿನೇಳು, ನಕ್ಷತ್ರ ಸಿಡಿದು ಹೊರಟದ್ದರ ಮರಿಗಳು,
ಇಷ್ಟು ದೂರ ಬಂದು ಲೆಕ್ಕಕ್ಕೆ ಸೇರದೆ ಹೋದವು.
ಆ ತಗ್ಗಿಗೆ ನಸುಕಿನ ಇಳಿತ ಎಂದು ಹೆಸರಿಟ್ಟು
ವಸುಧಾ ಶಾನಭಾಗರು ಪ್ರಬಂಧ ಬರೆದಿದ್ದಾರೆ.
ಇನ್ನೂರ ನಲವತ್ತು ಪುಟ. ನೆಲಗಾಳಿ, ಕಡಲಗಾಳಿ, ಎಲ್ಲ ಇದೆ.
ನೂರ ತೊಂಬತ್ತನೆಯ ಪುಟದಲ್ಲಿ ಒಂದು ವಾಕ್ಯ:
ಜೂನ್ ಜುಲೈಗಳಲ್ಲಿ ಇಳಿತ ಕಾಣುವುದಿಲ್ಲ,
ಕಾರಣ ತಿಳಿದುಬಂದಿಲ್ಲ.

ಸಾಲನ್ನು ಅಳಿಸಲಿಲ್ಲ.
ಹೆಸರು ಬಿಡಿಸಿ ಬರೆದೆ: ಐಸ್ ಫ್ಯಾಕ್ಟರಿ ಮೋಟರ್.
ಅದಕ್ಕೊಂದು ಕೊನೆಯ ದಿನ ಕೊಟ್ಟೆ.
ಸಾಕ್ಷಿಗೆ ದುರ್ಗಾ ತಂದ ಕರೆಂಟು ಬಿಲ್ಲಿದೆ, ಎಣ್ಣೆ ಕುಡಿದದ್ದು.
ಮುಟ್ಟಬೇಡಿ ಎಂಬುದರ ಕೆಳಗೆ,
ಮುಟ್ಟಿದ್ದೇನೆ, ಕಾರಣ ಹೀಗಿದೆ, ಎಂದು
ಹೆಸರು ಹಾಕಿ, ತಾರೀಖು ಹಾಕಿ
ಓಡಿಸಿದೆ.
ಮೊದಲ ಸಲ ಹೇಳಿಕೆ ಬದಲಾಯಿತು.
ನಾಲ್ಕರ ಮೇಲೆ ಗೆರೆ ಸಪಾಟು,
ಏನೂ ವಿಶೇಷವಿಲ್ಲ.

ಈಗ ಫೋನು ಮಾಡಬೇಕು.
ಅವರು ಐದಕ್ಕೇ ಏಳುತ್ತಾರಂತೆ, ಇನ್ನೂ ನಾಲ್ಕು ಹತ್ತು.
ಹಲಗೆ ಮಿನುಗುತ್ತಿದೆ, ನಿಲ್ಲುತ್ತಿಲ್ಲ.
ಎಲ್ಲಿಂದ ಶುರುಮಾಡಲಿ?
ಮೇಡಂ, ನೂರ ತೊಂಬತ್ತನೆಯ ಪುಟದ ಕಾರಣ ಸಿಕ್ಕಿತು
ಎನ್ನಲೆ?