ಐದು ಅಂಕದ ಪ್ರಶ್ನೆ

ಶಿಡ್ಲಘಟ್ಟದಲ್ಲಿ ಮಧ್ಯಾಹ್ನ ಎರಡರ ಪೀರಿಯಡ್ಡೆಂದರೆ
ಮೇಷ್ಟ್ರಿಗಿಂತ ಮೊದಲು ಕೋಣೆಗೆ ಬರುವುದು
ಬೆಂದ ಹುಳುವಿನ ವಾಸನೆ.
ಹದಿನಾರು ವರ್ಷವಾಯಿತು, ನನ್ನ ಮೂಗು ಅದನ್ನೀಗ
ಗಾಳಿಯ ಲೆಕ್ಕಕ್ಕೇ ಬರೆದುಕೊಂಡುಬಿಟ್ಟಿದೆ.

ಬೋರ್ಡಿನ ಮೇಲೆ ಒಬ್ಬ ಮನುಷ್ಯನನ್ನು ಬರೆದೆ,
ಸುಮಾರಾದ ಮನುಷ್ಯ, ಕಿವಿ ಬಿಟ್ಟುಹೋಗಿತ್ತು.
ಸಮಾಜ ಒಂದು ಜೀವಿ, ಅಂದೆ.
ಸರ್ಕಾರ ಮಿದುಳು, ರಸ್ತೆ ರಕ್ತನಾಳ,
ಸಂತೆ ಹೊಟ್ಟೆ. ಒಂದಕ್ಕೆ ನೋವಾದರೆ
ಇಡೀ ಮೈಗೆ ಜ್ವರ.
ಬರ್ಕೊಳ್ಳಿ, ಐದು ಅಂಕಕ್ಕೆ ಬರುತ್ತೆ.

ಜ್ವರ ಅಂದಕೂಡಲೆ ಹಿಂದಿನ ಬೆಂಚು ನಕ್ಕಿತು.
"ಸಾ, ನಮ್ಮವು ನಿನ್ನೆ ನಾಕನೇ ಜ್ವರದಿಂದ ಎದ್ದವೆ"
ಅಂದ ನಾರೆಪ್ಪನ ಮಗ,
ರಾತ್ರಿಯೆಲ್ಲ ಸೊಪ್ಪು ಹಾಕಿದ ಕೆಂಪು ಕಣ್ಣು.
ಈ ಸೀಮೆಯಲ್ಲಿ ಜ್ವರವೆಂದರೆ
ಹಳೇ ಚರ್ಮ ಕಳಚಿ ಬೆಳೆಯುವುದು.
ನನ್ನ ನೋಟ್ಸಿನಲ್ಲಿ ಅದಿರಲಿಲ್ಲ.

ಪಾದ ಯಾರು ಅಂತ ಯಾರೂ ಕೇಳಲಿಲ್ಲ.
ಮುಖದಿಂದ ಇಂಥವರು, ತೋಳಿನಿಂದ ಇಂಥವರು,
ಆ ಹಳೇ ಚಿತ್ರ ಈ ಊರಿಗೆ ಬಾಯಿಪಾಠ.
ಮೂರನೇ ಸಾಲಿನ ಮುನಿಪಿಳ್ಳ
ಬೆಂಚಿನ ಕೆಳಗೆ ಚಪ್ಪಲಿ ಹುಡುಕುತ್ತಿದ್ದ,
ಅಥವಾ ಹುಡುಕುವವನ ಹಾಗೆ ಬಗ್ಗಿದ್ದ.

ತಸ್ಮಿಯಾ ಎದ್ದು ನಿಂತಳು.
"ಬೆರಳು ಸುಟ್ಟರೆ ತಲೆಗೆ ಗೊತ್ತಾಗಬೇಕಲ್ವಾ ಸಾರ್?
ನಮ್ಮಮ್ಮಿ ಇಪ್ಪತ್ತು ವರ್ಷದಿಂದ ಬಿಸಿನೀರಲ್ಲಿ ಕೈ ಇಟ್ಟಿದಾರೆ.
ಬೆರಳಲ್ಲಿ ಗೆರೆನೇ ಇಲ್ಲ.
ರೇಷನ್ ಅಂಗಡಿ ಮಿಷನ್ನು, ನೀವು ನೀವಲ್ಲ ಅನ್ನುತ್ತೆ.
ಸೆರಗಲ್ಲಿ ಒರೆಸಿ ಒತ್ತಿದರು,
ತೆಂಗಿನೆಣ್ಣೆ ಹಚ್ಚಿ ಒತ್ತಿದರು,
ಹತ್ತಕ್ಕೆ ಹತ್ತೂ ಬೆರಳು ಒತ್ತಿದರು.
ಯಾವ ಮೈ ಸಾರ್ ಅದು,
ತನ್ನ ಬೆರಳೇ ತನಗೆ ಗುರುತು ಸಿಗದಿರೋದು?"

ಗಂಟೆ ಹೊಡೆಯಿತು.
ಗಂಟೆಗಳು ಯಾವತ್ತೂ ಮೇಷ್ಟ್ರ ಪಕ್ಷ.

ಸಂಜೆ ಹೋದೆ. ಯಾಕೆ ಹೋದೆನೋ.
ಮಸೀದಿ ಹಿಂದಿನ ಗಲ್ಲಿ, ತಗಡಿನ ಶೆಡ್ಡು, ಹೊಗೆ.
ಜುಬೇದಾಬಿ ಕೂತ್ಕೊಳ್ಳಿ ಅಂದದ್ದು ಹುಬ್ಬಿನಲ್ಲಿ,
ಕೈಗೆ ಪುರುಸೊತ್ತಿರಲಿಲ್ಲ.
ಬೇಸಿನ್ನಿನಲ್ಲಿ ಗೂಡುಗಳು ಕುಣಿಯುತ್ತಿದ್ದವು.
ಎಂಟು ಗೂಡಿನ ಎಂಟು ಎಳೆ,
ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ ಅನ್ನುವಂಥವು,
ಒಂದು ನೂಲಾಗಿ ರಾಟೆಗೆ ಹತ್ತುತ್ತಿದ್ದವು.
ಒಂದು ಗೂಡು ಮುಗಿಯಿತು,
ಬೆತ್ತಲೆ ಹುಳು ತಳಕ್ಕೆ ಇಳಿಯಿತು.
ಆಕೆ ಇನ್ನೊಂದರ ತುದಿ ಎಸೆದಳು, ಅಷ್ಟೆ.
ಗಂಟಿಲ್ಲ, ನಿಲುಗಡೆಯಿಲ್ಲ.
ನೂಲಿಗೆ ಸಾವಿನ ಸುದ್ದಿಯೇ ತಲುಪಲಿಲ್ಲ.

ನನ್ನ ಪುಸ್ತಕ ಸುಳ್ಳು ಹೇಳಿರಲಿಲ್ಲ ಹಾಗಾದರೆ.
ಕಣ ಸಾಯುತ್ತದೆ, ಮೈ ಉಳಿಯುತ್ತದೆ.
ಬೇಸಿನ್ನಿನ ಬಿಸಿ ಎಷ್ಟು ಎಂದು ಮಾತ್ರ ಬರೆದಿರಲಿಲ್ಲ.

"ತುದಿ ಹೇಗೆ ಸಿಗುತ್ತೆ ಅಮ್ಮ?"
"ಕಣ್ಣಿಗಲ್ಲ ಸಾಬ್, ಬೆರಳಿಗೆ ಗೊತ್ತು.
ಗೆರೆ ಇದ್ದಿದ್ರೆ ಎಳೆ ಸಿಗಾಕ್ಕೊಂತಿತ್ತು" ಅಂದರು.
ನಕ್ಕರೋ, ಹೊಗೆಗೆ ಕಣ್ಣು ಕಿರಿದಾಯಿತೋ.

ಮೊನ್ನೆ ಪರೀಕ್ಷೆಗೆ ಅದೇ ಪ್ರಶ್ನೆ ಹಾಕಿದ್ದೆ:
ಸಮಾಜವು ಒಂದು ಜೀವಿ, ವಿವರಿಸಿ.
ತಸ್ಮಿಯಾ ನಾನು ಹೇಳಿದ್ದನ್ನೇ ಬರೆದಿದ್ದಾಳೆ,
ಮಿದುಳು, ರಕ್ತನಾಳ, ಹೊಟ್ಟೆ,
ಒಂದಕ್ಷರ ಆಚೀಚೆಯಾಗದಂತೆ.
ಬೆರಳಿನ ಮಾತು ಎಲ್ಲೂ ಇಲ್ಲ.
ಐದಕ್ಕೆ ಐದು ಕೊಡಲೇಬೇಕು.

ಹಾಳೆಯ ಅಂಚಿಗೆ ಒಂದು ಎಳೆ ಅಂಟಿದೆ,
ಪುಸ್ತಕಕ್ಕೆ ಮೊದಲು ಆ ಹುಡುಗಿ ಬೇರೇನೋ ಮುಟ್ಟಿ ಬಂದಿರಬೇಕು.
ದೀಪಕ್ಕೆ ಹಿಡಿದರೆ ಕಾಣುತ್ತದೆ, ಇಳಿಸಿದರೆ ಇಲ್ಲ.
ಕೆಂಪು ಪೆನ್ನು ಕೆಳಗಿಟ್ಟು ಬಿಡಿಸಹೋದೆ,
ಹೆಬ್ಬೆಟ್ಟಿನ ಗೆರೆಗಳಿಗೆ
ಸಿಕ್ಕಿಕೊಳ್ಳುತ್ತಲೇ ಇದೆ.